ಟೈಫಾಯಿಡ್ ಜ್ವರವೂ ಎರಡು ಮನೆಯ ರಕ್ತವೂ

ನನ್ನ ಅಣ್ಣನಿಗೂ ಸೋದರಮಾವನ ಮಗಳಿಗೂ ಮದುವೆ ಎಂದು ಮಾತಾಗಿ, ವೀಳ್ಯಶಾಸ್ತ್ರ ಮುಗಿದ ಬೇಸಿಗೆಯಲ್ಲೇ ಎರಡೂ ಮನೆಯವರಿಗೆ ಟೈಫಾಯಿಡ್ ಬಂತು. ಎಂಬತ್ತರ ದಶಕದ ಆರಂಭದ ಮಾತು. ಶಾಸ್ತ್ರ ನಡೆದದ್ದು ಹಂದನಕೆರೆ ಹತ್ತಿರದ ನಮ್ಮ ಮನೆಯಲ್ಲಿ. ಹೆಣ್ಣಿನ ಕಡೆಯವರು ಸಂಪಿಗೆಯಿಂದ ಬಾಡಿಗೆ ವ್ಯಾನಿನಲ್ಲಿ ಬಂದಿದ್ದರು. ಬಿಸಿಲು ಜೋರಾಗಿದ್ದರಿಂದ ಎಲ್ಲರೂ ಪಾನಕ, ನೀರುಮಜ್ಜಿಗೆ ಅಂತ ಲೋಟಗಟ್ಟಲೆ ಕುಡಿದರು. ಆಮೇಲೆ ಒಬ್ಬೊಬ್ಬರಾಗಿ ಜ್ವರ ಬಂದು ಮಲಗತೊಡಗಿದಾಗ ಮಾವ, ಇದು ಹಂದನಕೆರೆಯ ಬಾವಿ ನೀರಿನ ಪಾನಕದಿಂದಲೇ ಬಂದದ್ದು ಎಂದ. ನಮ್ಮ ದೊಡ್ಡಪ್ಪ, ಸಂಪಿಗೆಯವರು ಕ್ಯಾನಿನಲ್ಲಿ ಹೊತ್ತು ತಂದ ಮಜ್ಜಿಗೆಯಿಂದ ಬಂದದ್ದು ಎಂದ. ಎರಡನ್ನೂ ಎಲ್ಲರೂ ಕುಡಿದಿದ್ದರಿಂದ ಆ ವ್ಯಾಜ್ಯ ತೀರ್ಮಾನವಾಗಲೇ ಇಲ್ಲ.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಮಾವ ಅಂದರೆ ನಮ್ಮಮ್ಮನ ಅಣ್ಣ. ದೊಡ್ಡಪ್ಪ ಎತ್ತರದ, ಒಣಕಲು ಮೈಯ, ಮಾತು ಕಮ್ಮಿಯ ಮನುಷ್ಯ. ಮಾವನ ಧ್ವನಿ ಅವನಿಗಿಂತ ಮೊದಲೇ ಮನೆಯೊಳಕ್ಕೆ ಬರುತ್ತಿತ್ತು. ಇಬ್ಬರಿಗೂ ತೆಂಗಿನ ತೋಟ, ಇಬ್ಬರಿಗೂ ಹಳ್ಳಿಕಾರ್ ಎತ್ತಿನ ಜೋಡಿ, ಇಬ್ಬರಿಗೂ ತನ್ನ ಅಟ್ಟದ ಕೊಬ್ಬರಿಯೇ ತಿಪಟೂರು ಮಂಡಿಯಲ್ಲಿ ಮೇಲು ಎಂಬ ನಂಬಿಕೆ. ಒಬ್ಬರಿಗೊಬ್ಬರು ‘ಬಾವ’ ಎಂದೇ ಕರೆದುಕೊಳ್ಳುತ್ತಿದ್ದರು. ಆ ‘ಬಾವ’ ಒಂದೊಂದು ಸಲ ಒಂದೊಂದು ರುಚಿಯಲ್ಲಿ ಬರುತ್ತಿತ್ತು.

ನಾನು ಆಗ ತುಮಕೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ತರಬೇತಿ ಮುಗಿಸಿ ತಿಪಟೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ನರ್ಸಿಂಗ್ ಹೋಮ್ ಅಂದರೆ ಒಂದು ಹಳೆಯ ಹೆಂಚಿನ ಮನೆ. ಅದರ ಹಿತ್ತಿಲ ಕಡೆಯ ಕೋಣೆಯಲ್ಲಿ ಮೈಕ್ರೋಸ್ಕೋಪು, ಕೈಯಲ್ಲಿ ತಿರುಗಿಸುವ ಸೆಂಟ್ರಿಫ್ಯೂಜು, ಸಿರಿಂಜು ಕುದಿಸುವ ಪಾತ್ರೆ, ನಾನು. ಹೀಗಾಗಿ ಎರಡೂ ಮನೆಯ ರೋಗಿಗಳು ‘ನಮ್ ಹುಡುಗಿ ಅಲ್ಲೇ ಅವ್ಳಲ್ಲ’ ಎಂದು ನೇರ ನಮ್ಮಲ್ಲಿಗೇ ಬಂದರು. ದೊಡ್ಡಪ್ಪನೂ ಮಾವನೂ ಒಂದೇ ದಿನ ಬಂದರು. ಖಾಲಿ ಇದ್ದದ್ದು ಎರಡು ಮಂಚದ ಒಂದೇ ರೂಮು.

ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಜ್ವರದಲ್ಲೂ ಪೈಪೋಟಿ ಬಿಡಲಿಲ್ಲ. ನರ್ಸ್ ಥರ್ಮಾಮೀಟರ್ ತೆಗೆದ ಕೂಡಲೇ ಮಾವ ದಿಂಬಿನಿಂದ ತಲೆಯೆತ್ತಿ ಕೇಳುತ್ತಿದ್ದ:

“ಬಾವುಂದೆಷ್ಟಮ್ಮಾ?”

“ನಿಮ್ಮಷ್ಟೇ ಇದೆ, ಸುಮ್ನೆ ಮಲಗಿ.”

“ಸರಿಯಾಗಿ ನೋಡಮ್ಮ. ನಂದು ಒಂಚೂರು ಮೇಲೇ ಇರ್ಬೇಕು.”

ಟೈಫಾಯಿಡಿಗೆ ನಾನು ಮಾಡುತ್ತಿದ್ದದ್ದು ವೈಡಾಲ್ ಪರೀಕ್ಷೆ. ರೋಗಾಣು ಮೈಗೆ ಹೊಕ್ಕಾಗ ದೇಹ ಅದನ್ನು ಹಿಡಿದು ಕಟ್ಟಿಹಾಕುವಂಥ ಪ್ರತಿಕಾಯಗಳನ್ನು ಮಾಡಿಕೊಳ್ಳುತ್ತದೆ. ರೋಗಿಯ ರಕ್ತ ಗರಣೆಗಟ್ಟಿದ ಮೇಲೆ ಉಳಿಯುವ ತಿಳಿಯನ್ನು ಟ್ಯೂಬಿಗೆ ಹಾಕಿ, ಅದಕ್ಕೆ ಸತ್ತ ಟೈಫಾಯಿಡ್ ರೋಗಾಣುಗಳ ದ್ರವ ಬೆರೆಸಿ, ಬೆಚ್ಚಗಿನ ನೀರಿನಲ್ಲಿ ಇಟ್ಟರೆ, ಪ್ರತಿಕಾಯ ಇದ್ದ ಪಕ್ಷಕ್ಕೆ ರೋಗಾಣುಗಳು ಹಾಲು ಒಡೆದಂತೆ ಗಂಟುಗಂಟಾಗಿ ತಳಕ್ಕಿಳಿಯುತ್ತವೆ. ತಿಳಿಗೆ ಇನ್ನಷ್ಟು ಮತ್ತಷ್ಟು ಉಪ್ಪುನೀರು ಬೆರೆಸುತ್ತ ಹೋಗಿ, ಎಷ್ಟು ತೆಳುವಾದರೂ ಗಂಟು ಕಟ್ಟುತ್ತದೆ ಎಂದು ನೋಡಬೇಕು. ಅಷ್ಟೇ ಲೆಕ್ಕ.

ಮಾವನದು ಎಷ್ಟು ತೆಳು ಮಾಡಿದರೂ ಗಂಟು ಕಟ್ಟಿತು. ದೊಡ್ಡಪ್ಪನದು ಮೊದಲ ಟ್ಯೂಬಿನಲ್ಲೇ ಏನೂ ಆಗದೆ ಮಬ್ಬಾಗಿಯೇ ನಿಂತಿತ್ತು.

ನಾನು ಇನ್ನೊಂದು ಸಲ ರಕ್ತ ತೆಗೆದು ಮಾಡಿದೆ. ಹಾಗೇ ಬಂತು. ಡಾಕ್ಟರ ಹತ್ತಿರ ಹೋಗಿ, “ಸಾರ್, ಮಾವನಿಗೆ ಟೈಫಾಯಿಡ್. ದೊಡ್ಡಪ್ಪನಿಗೆ ಬೇರೆ ಯಾವುದೋ ಜ್ವರ” ಎಂದೆ. ಅವರು ಎದ್ದು ಬಂದು ದೊಡ್ಡಪ್ಪನ ನಾಲಗೆ ನೋಡಿದರು, ಹೊಟ್ಟೆ ಅಮುಕಿದರು, ನಾಡಿ ಹಿಡಿದು ಬಹಳ ಹೊತ್ತು ಕೂತರು.

“ನಿನ್ನ ಟ್ಯೂಬು ಇಲ್ಲ ಅನ್ನುತ್ತೆ, ಇವರ ನಾಲಗೆ ಹೌದು ಅನ್ನುತ್ತೆ. ಸದ್ಯಕ್ಕೆ ನಾನು ನಾಲಗೆ ಮಾತು ಕೇಳ್ತೀನಮ್ಮ” ಎಂದು ಇಬ್ಬರಿಗೂ ಅದೇ ಕ್ಲೋರಾಂಫೆನಿಕಾಲ್ ಕ್ಯಾಪ್ಸೂಲು ಶುರುಮಾಡಿಸಿದರು. ಅದಕ್ಕೆ ಮೊದಲು ದೊಡ್ಡಪ್ಪನ ರಕ್ತವನ್ನು ರೋಗಾಣು ಬೆಳೆಸಿ ನೋಡುವ ಬಾಟಲಿಗೆ ಹಾಕಿ ತುಮಕೂರಿಗೆ ಕಳಿಸಿದ್ದರು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಇಬ್ಬರ ಜ್ವರವೂ ಇಳಿದು ಗಂಜಿಗೆ ಉಪ್ಪಿನಕಾಯಿ ಬೇಕೆಂದು ಹಟ ಮಾಡುತ್ತಿದ್ದರು. ಉತ್ತರ ಏನಪ್ಪಾ ಅಂದರೆ, ದೊಡ್ಡಪ್ಪನ ರಕ್ತದಲ್ಲಿ ಬೆಳೆದದ್ದು ಅಪ್ಪಟ ಟೈಫಾಯಿಡ್ ರೋಗಾಣುವೇ.

ಅಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆ. ಆದರೆ ನಮ್ಮಪ್ಪನಿಗೆ ಜ್ವರ ಬಂತು, ಅಪ್ಪನ ತಂಗಿಗೆ ಬಂತು. ಅವರ ಟ್ಯೂಬುಗಳೂ ಮಬ್ಬು. ಮಾವನ ತಮ್ಮನಿಗೆ ಬಂತು, ನಮ್ಮಮ್ಮನಿಗೆ ಬಂತು. ಅವರ ಟ್ಯೂಬುಗಳ ತುಂಬ ಗಂಟು. ಡಾಕ್ಟರು ಟ್ಯೂಬುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, “ಏನಮ್ಮ ಇದು, ನಿಮ್ಮಪ್ಪನ ಮನೆಯವರ ರಕ್ತ ಬಾಯೇ ಬಿಡಲ್ಲವಲ್ಲ?” ಎಂದರು.

ಆಗ ನನಗೆ ಒಂದು ವಿಷಯ ಹೊಳೆಯಿತು. ಎಪ್ಪತ್ತರ ದಶಕದಲ್ಲಿ ನಾನು ಸ್ಕೂಲಿನಲ್ಲಿದ್ದಾಗ ಸಿಡುಬಿಗೆ ದಾಕು ಹಾಕುವವರು ಊರಿಗೆ ಬರುತ್ತಿದ್ದರು. ದಾಕು ಎದ್ದರೆ ತೋಳಿನಲ್ಲಿ ಗುಳ್ಳೆಯಾಗಿ, ಕೀವಾಗಿ, ಒಣಗಿ, ಕಾಸಿನಗಲ ಗುರುತು ಉಳಿಯುತ್ತದೆ. ಅಮ್ಮನ ಕಡೆಯವರ ತೋಳುಗಳಲ್ಲಿ ಇಂಥ ಗುರುತು ಎದ್ದು ಕಾಣುತ್ತಿತ್ತು. ಅಪ್ಪನ ಕಡೆಯವರಿಗೆ ಎಷ್ಟು ಸಲ ಚುಚ್ಚಿದರೂ ತೋಳು ಬೆಣ್ಣೆಯ ಹಾಗೆ ನುಣ್ಣಗೆ. ನನಗೂ ಏಳಲಿಲ್ಲ. ದಾಕು ಹಾಕುವವನು ನಾನು ಉಜ್ಜಿ ತೆಗೆದಿದ್ದೇನೆ ಅಂತ ಗುಮಾನಿಪಟ್ಟು ಮುಂದಿನ ಸಲ ಕೈ ಹಿಡಿದುಕೊಂಡೇ ನಿಂತಿದ್ದ. ಇದನ್ನು ಡಾಕ್ಟರಿಗೆ ಹೇಳಿದೆ. ಅವರು ನಕ್ಕರು. ಆದರೆ ಅದೇ ವಾರ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ತಮ್ಮ ಸಹಪಾಠಿಗೆ ಟ್ರಂಕ್ ಕಾಲ್ ಮಾಡಿದರು.

ಆ ಸಹಪಾಠಿ ಹೆಂಗಸು, ಪ್ರೊಫೆಸರು. ಖಾದಿ ಸೀರೆ, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಐಸ್ ತುಂಬಿದ ಒಂದು ಡಬ್ಬ. ಬೆಳಗಿನ ರೈಲಿಗೆ ತಿಪಟೂರಿಗೆ ಬಂದಿಳಿದರು. ರೋಗ ಬಂದವರದು ಬಾರದವರದು ಇಬ್ಬರದೂ ರಕ್ತ ಬೇಕು, ಜ್ವರ ಬಾರದವರಿಗೆ ಮೊದಲು ಟೈಫಾಯಿಡ್ ಚುಚ್ಚುಮದ್ದು ಕೊಟ್ಟು ಕೆಲವು ವಾರ ಬಿಟ್ಟು ತೆಗೆಯಬೇಕು ಎಂದರು. ಡಾಕ್ಟರು ಚುಚ್ಚುಮದ್ದು ಕೊಟ್ಟರು. ರಕ್ತ ತೆಗೆಯುವ ದಿನ ಪ್ರೊಫೆಸರು ವಾಪಸು ಬಂದರು, ಎರಡೂ ಮನೆಯವರು ನಮ್ಮ ಜಗಲಿಯ ಮೇಲೆ ಸೇರಿದರು.

ಮೊದಲ ತಕರಾರು ಅಪ್ಪನ ತಾಯಿ, ಹಂದನಕೆರೆ ಅಜ್ಜಿಯದು. “ನನ್ ರಕ್ತ ನನ್ ಮೈಯಾಗೇ ಇರ್ಲಿ ಬುಡು. ಬೆಂಗ್ಳೂರ್ನಾಗೆ ಅದುಕ್ಕೇನ್ ಕೆಲ್ಸ?” ಎಂದು ಸೆರಗು ಹೊದ್ದು ಕೂತಳು. ಇದನ್ನು ಕಂಡ ಅಮ್ಮನ ತಾಯಿ, ಸಂಪಿಗೆ ಅಜ್ಜಿ, ರವಿಕೆ ತೋಳು ಮೇಲೇರಿಸಿ ಮುಂದೆ ಬಂದಳು.

“ತಗಳವ್ವ, ಎಷ್ಟ್ ಬೇಕೋ ತಗ. ನಮ್ ಕಡೇರು ಇಂತದ್ಕೆಲ್ಲಾ ಅಂಜಲ್ಲ. ನಮ್ ರಕ್ತ ಗಟ್ಟಿ ಕಣವ್ವ, ಇವಳನ್ನೇ ಕೇಳು” ಎಂದು ನನ್ನತ್ತ ಕೈ ತೋರಿಸಿದಳು.

ಹಂದನಕೆರೆ ಅಜ್ಜಿ ಸೆರಗಿನೊಳಗಿಂದಲೇ ಕೈ ಹೊರಚಾಚಿದಳು. “ನಂದೂ ತಗ. ಅವಳಿಗಿಂತ ಒಂದ್ ಗೀರು ಜಾಸ್ತಿನೇ ತಗ.”

ಪ್ರೊಫೆಸರು ಬಾಯಿ ಬಿಗಿಹಿಡಿದು ನಗು ತಡೆದುಕೊಂಡದ್ದು ನನಗೆ ಕಂಡಿತು.

ರಕ್ತವೇನೋ ಬೆಂಗಳೂರಿಗೆ ಹೋಯಿತು. ಇತ್ತ ಮಾವನ ಬಾಯಿ ಸುಮ್ಮನಿರಲಿಲ್ಲ. ನಾನು ಟ್ಯೂಬಿನ ವಿಷಯವನ್ನು ಅಮ್ಮನಿಗೆ ಹೇಳಿದ್ದೆ, ಅಮ್ಮ ತವರಿಗೆ ಹೇಳಿದ್ದಳು. ಮಾವನಿಗೆ ಅದು ರಾಗಿ ಹೊಲದಲ್ಲಿ ನಿಧಿ ಸಿಕ್ಕಿದಂತಾಗಿತ್ತು. ಮದುವೆಯ ಚಪ್ಪರ, ಅಡುಗೆಯವರು, ಇದೆಲ್ಲ ಮಾತಾಡಲು ದೊಡ್ಡಪ್ಪ ಸಂಪಿಗೆಗೆ ಹೋದಾಗ, ಬಂದ ನೆಂಟರ ಮುಂದೆಯೇ ಮಾವ ಅಂದುಬಿಟ್ಟ:

“ನಿಮ್ ಮನೆ ರಕ್ತುಕ್ಕೆ ಜೋರಿಲ್ಲ ಬುಡಿ ಬಾವ. ನಮ್ದು ನೋಡಿ, ಟೂಬ್ ತುಂಬಾ ಕಟ್ಟಾಕೈತೆ!”

ದೊಡ್ಡಪ್ಪ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟ. “ಜೋರಿಲ್ಲದ್ ರಕ್ತುಕ್ಕೆ ನೀವ್ಯಾಕ್ ಹೆಣ್ ಕೊಡ್ತೀರಿ ಬಾವ? ಜೋರಾಗಿರೋದನ್ನೇ ನೋಡ್ಕಳಿ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಬಸ್ಸು ಹಿಡಿದು ಮನೆಗೆ ಬಂದವನು ಮದುವೆಯ ಮಾತನ್ನೇ ಎತ್ತಲಿಲ್ಲ. ಯಾರಾದರೂ ಎತ್ತಿದರೆ ಎದ್ದು ತೋಟಕ್ಕೆ ಹೋಗುತ್ತಿದ್ದ. ಅಪ್ಪ ತನ್ನ ಅಣ್ಣನ ಮಾತು ಮೀರುವವನಲ್ಲ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಜೋರಾಗಿ ಇಡಲು ಶುರುಮಾಡಿದಳು.

ಮದುವೆಯ ಹುಡುಗಿಗೆ ಮಾತ್ರ ಸುಮ್ಮನೆ ಕೂರುವ ಅಭ್ಯಾಸ ಇರಲಿಲ್ಲ. ನನಗಿಂತ ಚಿಕ್ಕವಳು, ಅವಳ ಅಪ್ಪನಷ್ಟೇ ಬಾಯಿ. ಬಳೆ ತರುತ್ತೇನೆಂದು ಹೇಳಿ ತುರುವೇಕೆರೆಯಿಂದ ಬರುವ ಬಸ್ಸು ಹತ್ತಿ ತಿಪಟೂರಿಗೆ ಬಂದು ನನ್ನ ಲ್ಯಾಬಿನ ಸ್ಟೂಲಿನ ಮೇಲೆ ಕೂತಳು.

“ಅಕ್ಕ, ನನ್ ರಕ್ತನೂ ಹೋಗೈತಲ್ಲ, ಏನ್ ಬಂತಂತೆ?”

“ಇನ್ನೂ ಗೊತ್ತಿಲ್ಲ ಕಣೇ. ಯಾಕೆ?”

“ನಂದು ಏನೂ ಕಟ್ದೇ ಇರ್ಲಿ ಅಂತ ದೇವ್ರುಗೆ ಹರ್ಕೆ ಕಟ್ಕಂಡಿವ್ನಿ. ಅಪ್ಪನ್ ಬಾಯ್ ಮುಚ್ಸಾಕೆ ಇನ್ನೇನೂ ದಾರಿ ಕಾಣಲ್ಲ.”

ನನ್ನ ಸರ್ವೀಸಿನಲ್ಲಿ ಪರೀಕ್ಷೆಯ ಫಲಿತಾಂಶ ಕೆಟ್ಟದ್ದು ಬರಲಿ ಎಂದು ಹರಕೆ ಹೊತ್ತವಳು ಇವಳೊಬ್ಬಳೇ.

ಪ್ರೊಫೆಸರು ಮತ್ತೆ ಬಂದರು. ಡಾಕ್ಟರು ಉಪಾಯ ಮಾಡಿ, ಫಲಿತಾಂಶ ಹೇಳುತ್ತಾರೆ ಎಂಬ ನೆಪದಲ್ಲಿ ಎರಡೂ ಮನೆಯವರನ್ನು ನಮ್ಮ ಜಗಲಿಗೆ ಕರೆಸಿದರು. ದೊಡ್ಡಪ್ಪ ಒಂದು ಕಂಬಕ್ಕೆ, ಮಾವ ಇನ್ನೊಂದು ಕಂಬಕ್ಕೆ ಒರಗಿ, ಒಬ್ಬರ ಮುಖ ಒಬ್ಬರು ನೋಡದೆ ಕೂತರು.

ಪ್ರೊಫೆಸರು ಪಾಠ ಹೇಳುವ ಧಾಟಿಯಲ್ಲಿ ಶುರುಮಾಡಿದರು. ಮಕ್ಕಳಿಗೆ ಮೂಗು, ಬಣ್ಣ, ಕೂದಲು ಹೇಗೆ ಅರ್ಧ ಅಪ್ಪನಿಂದ ಅರ್ಧ ಅಮ್ಮನಿಂದ ಬರುತ್ತದೋ, ರೋಗಾಣುವಿಗೆ ದೇಹ ಹೇಗೆ ಉತ್ತರ ಕೊಡಬೇಕು ಎನ್ನುವುದೂ ಹಾಗೇ ಬರುತ್ತದೆ. ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಒಂದು ತಳಿಯ ಇಲಿಗೆ ಒಂದು ವಸ್ತು ಚುಚ್ಚಿದರೆ ಪ್ರತಿಕಾಯ ರಾಶಿ ಬೀಳುತ್ತದೆ, ಇನ್ನೊಂದು ತಳಿಗೆ ಅದನ್ನೇ ಚುಚ್ಚಿದರೆ ಏನೂ ಇಲ್ಲ. ವಸ್ತು ಬದಲಾಯಿಸಿದರೆ ತಿರುಗುಮುರುಗು. ಮನುಷ್ಯರಲ್ಲೂ ಅಂಥ ಗುಣಗಳಿವೆ, ಅವು ಒಬ್ಬರಿಂದೊಬ್ಬರಿಗೆ ಬಹಳ ಬೇರೆ ಬೇರೆ. ಹೇಗೆ ಕೆಲಸ ಮಾಡುತ್ತವೆ ಎನ್ನುವುದು ಇನ್ನೂ ಪೂರ್ತಿ ಗೊತ್ತಾಗಿಲ್ಲ ಎಂದರು.

ದೊಡ್ಡಪ್ಪ ಮೊದಲ ಸಲ ಬಾಯಿಬಿಟ್ಟ. “ಕಾಲುಬಾಯಿ ಜ್ವರ ಬಂದ್ರೆ ನಮ್ ಕಂದು ಹಸೂಗೆ ಒಂದಿನ ಜೊಲ್ಲು ಸುರೀತದೆ, ಅಷ್ಟೇ. ಅದರ ಕರೂಗೂ ಅಂಗೇಯ. ಪಕ್ಕದ ಕೊಟ್ಗೆವೆಲ್ಲಾ ಮಲೀಕ್ಕಂತವೆ. ಅಂಗಾ?”

“ಅದೂ ಇರಬಹುದು” ಎಂದರು ಪ್ರೊಫೆಸರು. “ಆದರೆ ಅವಕ್ಕೆ ಹುಲ್ಲು ನೀರು ಚೆನ್ನಾಗಿ ಸಿಕ್ಕಿರಬಹುದು, ಮೊದಲೇ ಒಂದು ಸಲ ರೋಗ ಬಂದು ಹೋಗಿರಬಹುದು. ನಿಮ್ಮ ಮನೆಯ ದಾಕಿನ ವಿಷಯವೂ ಹಾಗೇ. ಬಿಸಿಲಲ್ಲಿ ತಂದ ಔಷಧ ಸತ್ತುಹೋಗಿದ್ದರೆ ಯಾರ ತೋಳಲ್ಲೂ ಏಳಲ್ಲ. ಎರಡು ಮನೆ ನೋಡಿ ಶಾಸ್ತ್ರ ಬರೆಯೋಕಾಗಲ್ಲ. ನನಗೆ ಕಂಡದ್ದಷ್ಟೇ ಹೇಳ್ತೀನಿ.”

ಆಮೇಲೆ ಕಂಡದ್ದನ್ನು ಹೇಳಿದರು. ಅಪ್ಪನ ಕಡೆ ದೊಡ್ಡಪ್ಪ, ಅಪ್ಪ, ಅತ್ತೆ ಮೂವರಿಗೂ ಪ್ರತಿಕಾಯ ಕಮ್ಮಿ. ನನಗೂ ಕಮ್ಮಿ, ಅಣ್ಣನಿಗೂ ಕಮ್ಮಿ. ನನ್ನ ತಂಗಿಗೆ ಮಾತ್ರ ಅಮ್ಮನ ಹಾಗೆ ಜೋರು. ಮಾವ ಮೀಸೆಯ ಮೇಲೆ ಕೈಯಿಟ್ಟ.

“ಆದರೆ ಹಂದನಕೆರೆ ಅಜ್ಜಿಗೆ ಬಹಳ ಚೆನ್ನಾಗಿ ಬಂದಿದೆ.”

ಹಂದನಕೆರೆ ಅಜ್ಜಿ ಗೋಡೆಯ ಮೇಲಿನ ತಾತನ ಫೋಟೋ ನೋಡಿದಳು. ಅವಳು ಈ ಮನೆಗೆ ಬಂದದ್ದು ಚಿಕ್ಕನಾಯಕನಹಳ್ಳಿಯಿಂದ. “ಅಂಗಾದ್ರೆ ಇದೆಲ್ಲಾ ಇವರ್ದು! ನಾನ್ ಮೊದ್ಲೇ ಅಂದ್ಕಂಡಿದ್ದೆ. ಇರೋಗಂಟ ಯಾವುದ್ಕೂ ಬಾಯ್ಬುಡ್ನಿಲ್ಲ ಪುಣ್ಯಾತ್ಮ, ರಕ್ತನಾದ್ರೂ ಎಲ್ ಬಿಟ್ಟಾತು?”

“ಮತ್ತೆ ಸಂಪಿಗೆ ಅಜ್ಜಿಗೆ ಏನೂ ಬಂದಿಲ್ಲ. ಮದುವೆ ಹುಡುಗಿಗೂ ಅಷ್ಟೇ, ಏನೂ ಇಲ್ಲ.”

ಸಂಪಿಗೆ ಅಜ್ಜಿ ರವಿಕೆ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡಳು. ಹುಡುಗಿ ಬಾಗಿಲ ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಮಾವ ಮೀಸೆಯಿಂದ ಕೈ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಟವೆಲ್ಲಿನಿಂದ ಬೆವರು ಒರೆಸಿಕೊಂಡ.

“ಅಂದ್ರೆ ನಮ್ಮವ್ವುಂದೇ ಇಲ್ಲ, ನನ್ ಮಗಳ್ದೂ ಇಲ್ಲ. ಮಧ್ಯ ನನಿಗ್ಯಾವ ಕಡೆಯಿಂದ ಬಂತು ತಾಯಿ?”

“ನಿಮ್ಮ ತಂದೆ ಕಡೆಯಿಂದ ಬಂದಿರಬೇಕು. ನಿಮ್ಮ ಮಗಳಿಗೆ ನೀವು ನಿಮ್ಮ ಅಮ್ಮನ ಕಡೆಯ ಅರ್ಧ ಕೊಟ್ಟಿದ್ದೀರಿ ಅಂತ ಕಾಣುತ್ತೆ. ನಾವು ಆರಿಸಿ ಕೊಡೋಕಾಗಲ್ಲ ಅಲ್ವೇ?” ಎಂದ ಪ್ರೊಫೆಸರು ಮುಂದುವರಿಸಿದರು: “ಕಮ್ಮಿ ಅಂದರೆ ಕೆಟ್ಟದ್ದು ಅಂತ ಅಲ್ಲ. ಇವರೂ ಗುಣ ಆಗಿ ಕೂತಿದ್ದಾರಲ್ಲ. ದೇಹಕ್ಕೆ ಕಾಪಾಡಿಕೊಳ್ಳೋ ದಾರಿ ಒಂದೇ ಅಲ್ಲ. ನಾಳೆ ಇನ್ನೊಂದು ರೋಗ ಬಂದರೆ ಇವರದೇ ಜೋರಾಗಬಹುದು. ಎಲ್ಲರದೂ ಒಂದೇ ಥರ ಇದ್ದರೆ ಒಂದು ರೋಗಕ್ಕೆ ಊರೆಲ್ಲ ಮಲಗುತ್ತೆ.”

ದೊಡ್ಡಪ್ಪ ಯೋಚಿಸಿ ಕೇಳಿದ. “ಹುಡುಗುಂದೂ ಕಮ್ಮಿ, ಹುಡುಗೀದೂ ಕಮ್ಮಿ. ಇಬ್ರೂ ಸಂಬಂಧದೋರು. ಮದ್ವೆ ಮಾಡಬೌದಾ?”

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. “ಸಂಬಂಧದೊಳಗೆ ಮದುವೆ ಆದರೆ ಮಕ್ಕಳಿಗೆ ಎರಡೂ ಕಡೆಯಿಂದ ಒಂದೇ ಥರದ್ದು ಬರೋದು ಹೆಚ್ಚು. ಬೇರೆ ಬೇರೆ ಇದ್ದರೆ ಒಳ್ಳೆಯದು. ಇದು ಹೇಳಬೇಕಾದ ಮಾತು, ಹೇಳಿದೀನಿ. ತೀರ್ಮಾನ ನಿಮ್ಮದು.”

ನನ್ನ ಅಣ್ಣ ದೊಡ್ಡಪ್ಪನ ಮುಂದೆ ಅಲ್ಲಿಯವರೆಗೆ ನೆಟ್ಟಗೆ ಒಂದು ವಾಕ್ಯ ಆಡಿದವನಲ್ಲ. ಅಂಗಳದಲ್ಲಿ ಸೈಕಲ್ಲು ಹಿಡಿದು ನಿಂತಿದ್ದವನು ಅಲ್ಲಿಂದಲೇ ಹೇಳಿದ: “ತೀರ್ಮಾನ ಆಗೈತೆ. ನೀರು ಕಾಯ್ಸಿ ಕುಡೀತೀವಿ ಬುಡಿ.”

ಡಾಕ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ಆಮೇಲೆ ದೊಡ್ಡಪ್ಪನೂ ನಕ್ಕ. ಅವನು ನಕ್ಕ ಮೇಲೆ ಮಿಕ್ಕವರಿಗೆ ಅನುಮತಿ ಸಿಕ್ಕಂತಾಯಿತು. ಅಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟಳು. ಈ ಸಲ ಪಾತ್ರೆಯ ಸದ್ದು ಕೇಳಲಿಲ್ಲ. ಮಾವ ತನ್ನ ಕಂಬ ಬಿಟ್ಟು ಬಂದು ದೊಡ್ಡಪ್ಪನ ಕಂಬದ ಹತ್ತಿರ ಕೂತು, ಎಲೆಯಡಿಕೆ ಚೀಲ ಬಿಚ್ಚಿ ಮುಂದೆ ತಳ್ಳಿದ. ದೊಡ್ಡಪ್ಪ ಒಂದು ಎಲೆ ತೆಗೆದುಕೊಂಡು ಸುಣ್ಣ ಕೇಳಿದ. ಕ್ಷಮೆ ಗಿಮೆ ಏನೂ ನಡೆಯಲಿಲ್ಲ.

ಆ ರೋಗಾಣುವಿನ ಚೂರನ್ನು ಹಿಡಿದೆತ್ತಿ ಕಾವಲಿನ ಕಣಗಳಿಗೆ ತೋರಿಸುವ ಕೈಯಂಥ ಒಂದು ರಚನೆ ನಮ್ಮ ಜೀವಕಣಗಳ ಮೇಲಿದೆ, ಅದರ ಆಕಾರ ವಂಶದಿಂದ ಬರುತ್ತದೆ, ಕೆಲವರ ಕೈಗೆ ಕೆಲವು ಚೂರು ಹಿಡಿತಕ್ಕೆ ಸಿಗುವುದಿಲ್ಲ ಎಂದು ನಾನು ಬಹಳ ವರ್ಷಗಳ ಮೇಲೆ ಓದಿದೆ. ಓದುವಾಗ ನಮ್ಮ ತಾತ ಏನನ್ನೋ ಹಿಡಿಯಲು ಹೋಗಿ ಜಾರಿಸಿಕೊಂಡು, ಯಾರಿಗೂ ಹೇಳದೆ ಸುಮ್ಮನೆ ನಿಂತ ಹಾಗೆ ಕಣ್ಣಿಗೆ ಕಟ್ಟಿತು.

ಮದುವೆ ನಿಶ್ಚಯದಂತೆ ನಡೆಯಿತು. ಅದಕ್ಕೆ ಮೊದಲು ಡಾಕ್ಟರು ಜ್ವರ ಬಂದು ಹೋದವರಿಗೆ ಚುಚ್ಚುಮದ್ದು ಬೇಕಿಲ್ಲ ಎಂದಿದ್ದರೂ ದೊಡ್ಡಪ್ಪ ಕೇಳಿ ಹಾಕಿಸಿಕೊಂಡು ಬಂದ. ತೋಳು ಊದಲಿಲ್ಲ, ಮೈ ಬಿಸಿಯಾಗಲಿಲ್ಲ. ಅದೇ ಮಧ್ಯಾಹ್ನ ಚಪ್ಪರಕ್ಕೆ ಸೋಗೆ ಕಟ್ಟಿಸಿದ. ಈ ಸುದ್ದಿ ಸಂಪಿಗೆಗೆ ಮುಟ್ಟಿದ್ದೇ ತಡ, ಮಾವ ಮದುವೆಯ ಹಿಂದಿನ ದಿನ ತಿಪಟೂರಿನಲ್ಲಿ ಪ್ರತ್ಯಕ್ಷ.

“ನಿಮಗೆ ಬೇಡ ಕಣ್ರೀ. ನಿಮ್ಮ ರಕ್ತ ಮೊದಲೇ ಕಾದು ಕೂತಿದೆ, ತೋಳು ಊದಿಕೊಳ್ಳುತ್ತೆ” ಎಂದರು ಡಾಕ್ಟರು.

“ಬಾವುಂಗ್ ಹಾಕಿದ್ದನ್ನ ನನ್ಗೂ ಹಾಕಿ ಸ್ವಾಮಿ.”

ಅವರು ಎಷ್ಟು ಹೇಳಿದರೂ ಮಾವ ಮೇಜಿನ ಮುಂದಿನಿಂದ ಕದಲಲಿಲ್ಲ. ಕೊನೆಗೆ ಸಾಕಾಗಿ ಸ್ವಲ್ಪವೇ ಸ್ವಲ್ಪ ಹಾಕಿ ಕಳಿಸಿದರು. ಸಂಜೆಯ ಹೊತ್ತಿಗೆ ಮಾವನ ಬಲತೋಳು ಕುಂಬಳಕಾಯಿ. ಚಳಿ ಬಂದು ಕಂಬಳಿ ಹೊದ್ದು ಮಲಗಿದ. ಊತಕ್ಕೂ ಪ್ರತಿಕಾಯಕ್ಕೂ ನೇರ ಸಂಬಂಧ ಕಟ್ಟಬೇಡ ಎಂದು ಡಾಕ್ಟರು ನನಗೆ ಹೇಳಿದರು. ನಾನು ಮನೆಯಲ್ಲಿ ಹೇಳಿದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸಂಪಿಗೆ ಅಜ್ಜಿಯೇ “ಜೋರ್ ರಕ್ತ ಕಣವ್ವ, ಅನುಭೋಗ್ಸಲಿ” ಎಂದು ಮಗನ ತಲೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು.

ಬೆಳಿಗ್ಗೆ ಮುಹೂರ್ತಕ್ಕೆ ಜ್ವರ ಇಳಿದಿತ್ತು, ತೋಳು ಇಳಿದಿರಲಿಲ್ಲ. ಧಾರೆ ಎರೆಯುವ ಹೊತ್ತು. ಹೆಣ್ಣಿನ ತಂದೆ ಗಿಂಡಿ ಎತ್ತಿ ಹಿಡಿಯಬೇಕು. ಮಾವ ಎತ್ತಲು ನೋಡಿದ. ತೋಳು ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹಣೆಯಲ್ಲಿ ಬೆವರು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು. ಆಗ ಗಂಡಿನ ಕಡೆ ನಿಂತಿದ್ದ ದೊಡ್ಡಪ್ಪ ಮುಂದೆ ಬಂದು, ಯಾರಿಗೂ ಎದ್ದುಕಾಣದ ಹಾಗೆ ಮಾವನ ಮೊಳಕೈ ಕೆಳಗೆ ತನ್ನ ಅಂಗೈ ಕೊಟ್ಟು ಎತ್ತಿದ.

“ನಿಧಾನ ಬಾವ” ಎಂದ.

“ನೋಯ್ತದೆ ಬಾವ.”

“ನೋಯ್ಲಿ. ಎರೀರಿ.”

ನೀರು ತೆಂಗಿನಕಾಯಿಯ ಮೇಲೆ, ಅದರಡಿಯಿದ್ದ ಇಬ್ಬರ ಕೈಗಳ ಮೇಲೆ ಸುರಿಯಿತು. ಹುಡುಗಿ ತಲೆ ತಗ್ಗಿಸಿ ನಗುತ್ತಿದ್ದಳು.